ಮನೂರ್ ಆಟೋದೊಳಗಿನ ಕೊಲೆ

ನಾಮದೇವ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನ ಕೊರಳಿಗೆ ಒಂದು ಕೊಲೆ ಸುತ್ತಿಕೊಳ್ಳಲಿದೆ. ವಯಸ್ಸು ನಲವತ್ತಾರು. ಮನೂರಿನ ಮಗ್ಗುಲಲ್ಲಿ ಎರಡೆಕರೆ ತೊಗರಿ ಹೊಲ, ಮನೆಯಲ್ಲಿ ಸರಿತಾ ಎಂಬ ಹೆಂಡತಿ, ಅಂಗಳದಲ್ಲಿ ಒಂದು ಆಟೋ. ಹೊಲ ಮಳೆಯ ಮರ್ಜಿಯಲ್ಲಿತ್ತು, ಹೆಂಡತಿ ತನ್ನ ಮರ್ಜಿಯಲ್ಲಿದ್ದಳು, ಅವನ ಮಾತು ಕೇಳುತ್ತಿದ್ದದ್ದು ಆಟೋ ಒಂದೇ. ಮನೂರಿನಿಂದ ನಾರಾಯಣಖೇಡಕ್ಕೆ, ಖೇಡದಿಂದ ಮನೂರಿಗೆ, ದಿನಕ್ಕೆ ಐದಾರು ಫೇರಿ. ದಾರಿಯಲ್ಲಿ ಕೈ ತೋರಿಸಿದವರು ಹತ್ತುತ್ತಾರೆ, ಇಲ್ಲೇ ನಿಲ್ಲಿಸು ಅಂದವರು ಇಳಿಯುತ್ತಾರೆ. ಹನ್ನೊಂದು ಜನ ಕೂತರೆ ಆಟೋ ತುಂಬಿತು ಅನ್ನುತ್ತಾರೆ, ಹನ್ನೆರಡನೆಯವರು ಬಂದರೆ ಸ್ವಲ್ಪ ಸರಿದು ಕೂಡ್ರಿ ಅನ್ನುತ್ತಾರೆ.

ಅವನಿಗೊಂದು ಹುಚ್ಚಿತ್ತು, ಪತ್ತೇದಾರಿ ಕಾದಂಬರಿಯ ಹುಚ್ಚು. ಹದಿನೆಂಟನೆಯ ವಯಸ್ಸಿನಲ್ಲಿ ಜಹೀರಾಬಾದಿನ ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನಲ್ಲಿ ಕೆಲಸ ಕಲಿಯುವಾಗ ಹತ್ತಿದ್ದು, ಇನ್ನೂ ಇಳಿದಿಲ್ಲ. ಅಲ್ಲಿ ಆತ್ಮಾರಾಮ ಎಂಬ ಮುದುಕ ಗಡಿಯಾಚೆಯ ಬೀದರ್ ಕಡೆಯಿಂದ ಹಳೇ ಕನ್ನಡ ಪುಸ್ತಕ ತಂದು ಬಾಡಿಗೆಗೆ ಕೊಡುತ್ತಿದ್ದ. ಒಯ್ದವರು ತಿರುಗಿ ತರುವ ಜನವಲ್ಲ. ಅದಕ್ಕೆ ಆತ್ಮಾರಾಮ ಪ್ರತಿ ಪುಸ್ತಕದ ಕೊನೆಯ ನಾಲ್ಕು ಹಾಳೆ ಕಿತ್ತು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಪುಸ್ತಕ ತಂದುಕೊಟ್ಟವರಿಗೆ ಮಾತ್ರ ಆ ಹಾಳೆ, ಅದೂ ಅಲ್ಲೇ ನಿಂತು ಓದಬೇಕು. ನಾಮದೇವ ಅಷ್ಟರೊಳಗೆ ತಾನೇ ಒಬ್ಬ ಕೊಲೆಗಾರನನ್ನು ಗೊತ್ತುಮಾಡಿಕೊಂಡಿರುತ್ತಿದ್ದ. ಹಾಳೆ ಓದಿದ ಮೇಲೆ, ಬರೆದವನಿಗೇ ತಿಳಿದಿಲ್ಲ ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಆತ್ಮಾರಾಮ ಸಂಜೆಯಾದರೆ ಏಕತಾರಿ ಹಿಡಿದು ತತ್ವಪದ ಹಾಡುವವನು. ಕೊಂದವ ಯಾರು ಅಂತ ಆಮೇಲೆ ಕೇಳುವಿಯಂತೆ, ಸತ್ತವ ಯಾರು ಅಂತ ಮೊದಲು ಕೇಳು ಎಂದು ನಗುತ್ತಿದ್ದ. ನಾಮದೇವನಿಗೆ ಅದು ಆಗಲೂ ಅರ್ಥವಾಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ, ಆದರೆ ತಲೆಯಿಂದ ಹೋಗಲೂ ಇಲ್ಲ.

ಇರಲಿ, ಆಟೋದ ವಿಷಯಕ್ಕೆ ಬರೋಣ. ಸರ್ಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿತು. ಆಧಾರ್ ಕಾರ್ಡು ತೋರಿಸಿದರೆ ಸಾಕು, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೀಟು ಹರಿದುಕೊಡುತ್ತಾಳೆ. ಒಳ್ಳೆಯದೇ ಆಯಿತು. ಹೆಂಗಸರು ತವರಿಗೆ, ಆಸ್ಪತ್ರೆಗೆ, ಸಂತೆಗೆ ಧೈರ್ಯವಾಗಿ ಓಡಾಡಿದರು. ಖೇಡದಲ್ಲಿ ಏನೂ ಕೆಲಸವಿಲ್ಲದೆ ಸುಮ್ಮನೆ ಹೋಗಿ ನೋಡಿಬಂದವರೂ ಇದ್ದಾರೆ. ನಾಮದೇವನ ಆಟೋ ಮಾತ್ರ ಬಣಗುಡತೊಡಗಿತು. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಅವನ ಸ್ವಂತ ಹೆಂಡತಿ. ಸರಿತಾ ಖೇಡದ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ಗಂಡನ ಆಟೋದ ಮುಂದಿನಿಂದಲೇ ನಡೆದುಹೋಗಿ ಬಸ್ಸು ಹತ್ತುತ್ತಿದ್ದಳು. ಕೇಳಿದರೆ, ಬಸ್ಸಿನಲ್ಲಿ ಬೆನ್ನು ಆನಿಸಿಕೊಳ್ಳಲು ಬರುತ್ತದೆ, ನಿನ್ನ ಆಟೋದಲ್ಲಿ ಏನಿದೆ ಅನ್ನುತ್ತಿದ್ದಳು.

ಹೀಗೇ ನಡೆದರೆ ಆಟೋ ಮಾರಿ ಜಹೀರಾಬಾದಿನ ಯಾವುದಾದರೂ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿ ನಿಲ್ಲಬೇಕು. ಬೇರೆ ದಾರಿ ಕಾಣಲಿಲ್ಲ. ಗೇಟು ತೆಗೆ, ಗೇಟು ಹಾಕು, ಮಾತಾಡಲು ಒಂದು ನರಪಿಳ್ಳೆ ಇಲ್ಲ. ಆ ಬಾಳನ್ನು ನೆನೆದರೆ ಅವನಿಗೆ ನಿಜಕ್ಕೂ ಅಳು ಬರುತ್ತಿತ್ತು. ಇಪ್ಪತ್ತು ವರ್ಷ ಬೆನ್ನ ಹಿಂದೆ ಹನ್ನೊಂದು ಜನರ ಗದ್ದಲ ಕೇಳಿಕೊಂಡು ಬದುಕಿದ ಮನುಷ್ಯ ಅವನು.

ಕೊಲೆ ಆದದ್ದು ಒಂದು ಸೋಮವಾರ ಬೆಳಿಗ್ಗೆ. ಆ ದಿನ ಬಸ್ಸು ತಡವಾಗಿತ್ತು. ಗತಿಯಿಲ್ಲದೆ ಐವರು ಆಟೋ ಹತ್ತಿದರು: ಖೇಡದ ಹೋಟೆಲಿಗೆ ಬೆಣ್ಣೆ ಒಯ್ಯುವ ಮುದುಕಿ ಸುಗಲಾಬಾಯಿ, ಹೊಲಿಗೆ ಕಲಿಯಲು ಹೋಗುವ ಹೊಸ ಸೊಸೆ ಪ್ರೇಮಲಾ, ಬೇಳೆಕಾಳಿನ ವ್ಯಾಪಾರಿ ಕಾಶಿನಾಥ, ಇನ್ನಿಬ್ಬರು ಹೆಂಗಸರು. ಅರ್ಧ ದಾರಿಯಲ್ಲಿ ಹಿಂದಿನಿಂದ ಬಸ್ಸು ಬಂದು ಹಾರನ್ ಹೊಡೆಯಿತು. ಹೆಂಗಸರ ಕಣ್ಣು ಅತ್ತ ಹೊರಳಿದ್ದನ್ನು ನಾಮದೇವ ಕನ್ನಡಿಯಲ್ಲಿ ನೋಡಿದ. ಇಳಿಯುತ್ತೇವೆ ಅನ್ನುವುದೊಂದು ಬಾಕಿ. ಅವನಿಗೇ ಗೊತ್ತಿಲ್ಲದೆ ಅವನ ಬಾಯಿಂದ ಮಾತು ಬಂತು.

"ತಾಂಡೂರಾಗ ಫರಸಿ ಫ್ಯಾಕ್ಟರಿ ಮಾಲಕ ವಿರೂಪಣ್ಣ ಸತ್ತಾನ್ರಿ. ಬಾಗಲಾ ಒಳಗಿಂದ ಚಿಲಕ ಹಾಕ್ಯದ, ಹೊರಗ ಒಂದೇ ಚಪ್ಪಲಿ ಅದ."

ಇನ್ನೊಂದು ಚಪ್ಪಲಿ ಎಲ್ಲಿ ಎಂದು ಪ್ರೇಮಲಾ ಕೇಳಿದಳು. ಬಸ್ಸು ಮುಂದೆ ಹೋಯಿತು, ಯಾರೂ ಇಳಿಯಲಿಲ್ಲ. ಖೇಡ ಬರುವಷ್ಟರಲ್ಲಿ ವಿರೂಪಣ್ಣ ನುಣ್ಣಗಿನ ತಾಂಡೂರು ಫರಸಿಗಲ್ಲಿನ ಮೇಲೆ ಬೋರಲು ಬಿದ್ದಿದ್ದ, ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಮುಟ್ಟದೆ ಹಾಗೇ ಇತ್ತು, ನಿರ್ಗುಣರಾವ್ ಎಂಬ ಪತ್ತೇದಾರ ಸ್ಕೂಟರಿನ ಮೇಲೆ ಬರುತ್ತಿದ್ದ. ಇದು ಸುದ್ದಿಯಲ್ಲ, ಕಥೆ ಎಂದು ತಿಳಿದಾಗ ಯಾರಿಗೂ ಬೇಸರವಾಗಲಿಲ್ಲ. ಮರುದಿನ ಬಸ್ಸು ಸರಿಯಾದ ವೇಳೆಗೇ ಬಂತು. ಐವರೂ ಅದನ್ನು ಹೋಗಗೊಟ್ಟು ಆಟೋ ಹತ್ತಿದರು.

ನಿರ್ಗುಣರಾವ್ ಕಂಡಕಂಡಲ್ಲಿ ಸಿಗುವ ಪತ್ತೇದಾರನಲ್ಲ. ಪಿಸ್ತೂಲು ಇಲ್ಲ, ಭೂತಗನ್ನಡಿ ಇಲ್ಲ. ಮೊದಲು ಭಜನೆ ಮೇಳದಲ್ಲಿ ತಾಳ ಹೊಡೆಯುತ್ತಿದ್ದವನು, ಈಗಲೂ ಯೋಚನೆ ಬಂದರೆ ತೊಡೆಯ ಮೇಲೆ ತಾಳ ಹಾಕುತ್ತಾನೆ. ವಿರೂಪಣ್ಣನ ಪಾಲುದಾರ, ಆ ಹೊತ್ತಿನಲ್ಲಿ ನಾನು ನಿದ್ದೆ ಮಾಡುತ್ತಿದ್ದೆ ಅಂದಾಗ, ನಿದ್ದೆಯಲ್ಲಿದ್ದವನು ನೀನೇ ಎಂದು ನಿನಗೆ ಹೇಳಿದವರು ಯಾರು ಎಂದು ಕೇಳಿದ. ಬಾಗಿಲು ಒಳಗಿನಿಂದ ಹಾಕಿತ್ತು ಎಂದು ಪೊಲೀಸರು ಅಂದರೆ, ಒಳಗು ಯಾವುದು ಎಂಬುದನ್ನು ಮೊದಲು ಇತ್ಯರ್ಥ ಮಾಡೋಣ, ಹೆಣದ ಕಡೆಯಿಂದ ನೋಡಿದರೆ ಸಿಕ್ಕಿಹಾಕಿಕೊಂಡವರು ನಾವು ಎಂದ. ಆ ದಿನ ಕಾಶಿನಾಥ ಅಂಗಡಿಯಲ್ಲಿ ತೊಗರಿಬೇಳೆ ಕೇಳಿದವರಿಗೆ ಕಡಲೆಬೇಳೆ ಕಟ್ಟಿಕೊಟ್ಟ. ಪ್ರೇಮಲಾ ಒಂದು ಕುಪ್ಪಸಕ್ಕೆ ಮೂರು ತೋಳು ಹೊಲಿದಳು.

ಕೇಳುವವರು ಸುಮ್ಮನೆ ಕೇಳುವ ಜನವೇ? ನಾಮದೇವ ವಿರೂಪಣ್ಣನನ್ನು ಸುಟ್ಟ ದಿನ ಸುಗಲಾಬಾಯಿ ನಡುದಾರಿಯಲ್ಲಿ ಆಟೋ ನಿಲ್ಲಿಸಿಬಿಟ್ಟಳು. ವಿರೂಪಣ್ಣ ಅಂದರೆ ಲಿಂಗ ಕಟ್ಟಿಕೊಂಡವರ ಮನೆಯವನು, ಅವನನ್ನು ಕೂಡ್ರಿಸಿ ಮಣ್ಣು ಮಾಡಬೇಕೇ ಹೊರತು ಸುಡುವುದು ಎಲ್ಲಿಯ ಪದ್ಧತಿ, ಇಷ್ಟು ವರ್ಷ ನಮ್ಮ ನಡುವೆ ಇದ್ದು ಇಷ್ಟೂ ತಿಳಿಯಲಿಲ್ಲವೇ ಎಂದು ಹಣೆಯ ವಿಭೂತಿ ಉದುರುವ ಹಾಗೆ ಬೈದಳು. ನಾಮದೇವ ಸುಡುವ ಜನರ ಪೈಕಿ, ಅವನಿಗೆ ಹೊಳೆದೇ ಇರಲಿಲ್ಲ. ತಪ್ಪಾಯಿತು ಎಂದು ಗಲ್ಲ ಬಡಿದುಕೊಂಡು, ಸಂಜೆ ತಿರುಗಿ ಬರುವಾಗ ವಿರೂಪಣ್ಣನನ್ನು ಚಿತೆಯಿಂದ ಇಳಿಸಿ, ವಿಭೂತಿ ಹಚ್ಚಿ, ಶಾಸ್ತ್ರಪ್ರಕಾರ ಕೂಡ್ರಿಸಿ ಹೂತ. ಅದರಿಂದ ಲಾಭವೇ ಆಯಿತು. ಮುಂದಿನ ವಾರ ನಿರ್ಗುಣರಾವ್ ಮಣ್ಣು ತೆಗೆಸಿ ಹೆಣವನ್ನು ಮತ್ತೊಮ್ಮೆ ನೋಡಿದ.

ಎರಡು ತಿಂಗಳಲ್ಲಿ ಆಟೋ ಮೊದಲಿನ ಹಾಗೆ ತುಂಬಿತು, ಮೊದಲ ದಿನದ ಐವರೂ ಬೇರೆ ಬೇರೆ ಫೇರಿಗೆ ಹಂಚಿಹೋದರು. ಬಸ್ಸಿನ ಕಂಡಕ್ಟರಮ್ಮ ಖಾಲಿ ಸೀಟುಗಳನ್ನು ನೋಡಿ, ಈ ಊರಿನವರಿಗೆ ಏನಾಗಿದೆ, ಪುಕ್ಕಟೆ ಬೇಡ ಅನ್ನುವ ಜನವನ್ನು ಎಲ್ಲೂ ಕಂಡಿಲ್ಲ ಎಂದು ಡ್ರೈವರನ ಹತ್ತಿರ ಅಂದಳಂತೆ. ನಾಮದೇವ ಮೀಸೆ ಸವರಿಕೊಂಡ. ಇಲ್ಲೇ ನೋಡಿ ಅವನು ಎಡವಿದ್ದು.

ಶೇರ್ ಆಟೋದವರಿಗೆ ಒಂದು ಚಾಳಿ ಇರುತ್ತದೆ, ಕೂತವರ ಮುಖ ನೋಡಿ ಮಾತಾಡುವುದು. ಕಥೆಯಲ್ಲೂ ಅವನು ಅದನ್ನು ಬಿಡಲಿಲ್ಲ. ಅತ್ತೆಯರು ಹೆಚ್ಚಾಗಿ ಕೂತ ಫೇರಿಯಲ್ಲಿ ಮಜ್ಜಿಗೆಯಲ್ಲಿ ವಿಷವಿತ್ತು, ತಂದಿಟ್ಟವಳು ವಿರೂಪಣ್ಣನ ಸೊಸೆ. ಪ್ರೇಮಲಾ ಮತ್ತು ಅವಳ ಓರಗೆಯವರು ಕೂತ ಫೇರಿಯಲ್ಲಿ ಅದೇ ಮಜ್ಜಿಗೆ ಶುದ್ಧವಾಗಿತ್ತು. ಚಿಲಕಕ್ಕೆ ದಾರ ಕಟ್ಟಿ ಹೊರಗಿನಿಂದ ಎಳೆದವಳು ವಿರೂಪಣ್ಣನ ಹೆಂಡತಿ, ಅಂದರೆ ಆ ಸೊಸೆಯ ಅತ್ತೆ. ಕಾಶಿನಾಥನಂಥ ವ್ಯಾಪಾರಿಗಳು ಕೂತಾಗ ಮನೆಯವರೆಲ್ಲ ನಿರಪರಾಧಿಗಳು, ಸಂಶಯವೆಲ್ಲ ಟ್ಯಾಕ್ಸಿನ ಆಫೀಸರನ ಮೇಲೆ. ಎಲ್ಲರಿಗೂ ಖುಷಿ. ನಡುವೆ ಹತ್ತಿ ನಡುವೆ ಇಳಿಯುವವರು ತಮಗೆ ಸಿಕ್ಕ ತುಂಡನ್ನೇ ಪೂರ್ತಿ ಎಂದುಕೊಂಡು ಮನೆಗೆ ಒಯ್ದರು.

ಊರಿನಲ್ಲಿ ಹೆಂಗಸರದೊಂದು ಬೀಜದ ಸಂಘವಿದೆ, ಪಸ್ತಾಪುರದ ಕಡೆಯದನ್ನು ನೋಡಿ ಬಂದು ಕಟ್ಟಿಕೊಂಡದ್ದು. ನವಣೆ, ಸಜ್ಜೆ, ಹುರುಳಿ ಬೀಜ ಹಂಚಿಕೊಳ್ಳಲು ಒಂದು ಮಧ್ಯಾಹ್ನ ಎಲ್ಲರೂ ಕೂತರು. ಮಾತಿಗೆ ಮಾತು ಬಂದು ಸುಗಲಾಬಾಯಿ ಆ ಸೊಸೆಗೆ ಶಾಪ ಹಾಕಿದಳು. ಪ್ರೇಮಲಾ ಸುಮ್ಮನಿರಲಿಲ್ಲ, ಸೊಸೆ ಏನು ಮಾಡಿದ್ದಾಳೆ, ಕೊಂದವಳು ಅತ್ತೆ ಎಂದಳು. ಹಿಂದೆ ಕೂತವಳೊಬ್ಬಳು, ಎರಡೂ ಸುಳ್ಳು, ಕೊಂದವ ಆಫೀಸರ್ ಅಂತ ನಮ್ಮ ಮನೆಯವರು ಕೇಳಿಬಂದಿದ್ದಾರೆ ಎಂದಳು. ಬೀಜದ ಡಬ್ಬಿಗಳು ಬಾಯಿ ತೆರೆದುಕೊಂಡು ಹಾಗೇ ಕೂತವು. ಹೆಂಗಸರು ಯಾವ ದಿನ, ಯಾವ ಫೇರಿ, ಯಾರು ಎಲ್ಲಿ ಹತ್ತಿದ್ದು ಎಂದು ಒಂದೊಂದನ್ನೇ ಜೋಡಿಸಿದರು. ನಿರ್ಗುಣರಾವ್ ಎರಡು ತಿಂಗಳಲ್ಲಿ ಮಾಡಲಾಗದ ಪತ್ತೇದಾರಿಯನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು.

ಸಂಜೆ ಸುಗಲಾಬಾಯಿಯೂ ಪ್ರೇಮಲಾಳೂ ಜೊತೆಯಾಗಿ ಆಟೋದ ಹತ್ತಿರ ಬಂದರು. ಅವರಿಬ್ಬರು ಒಂದೇ ಪಕ್ಷದಲ್ಲಿ ನಿಂತದ್ದನ್ನು ಕಂಡ ನಾಮದೇವ ಸೀಟಿನಿಂದ ಇಳಿದು ನಿಂತ.

"ಸಂತಿ ದಿನ ಎಲ್ಲಾರೂ ಒಂದೇ ಗಾಡ್ಯಾಗ ಕುಂದರತೀವಿ," ಎಂದಳು ಸುಗಲಾಬಾಯಿ. "ಎಲ್ಲಾರ ಮುಂದ ಒಂದೇ ಹೆಸರ ಹೇಳಬೇಕು ನೋಡಪ್ಪಾ. ಇಲ್ಲಂದ್ರ ನಾಳಿಂದ ಬಸ್ಸಿಗಿ ಹೋಗತೀವಿ."

ಸಂತೆಗೆ ಮೂರು ದಿನ ಇತ್ತು. ಮೂರು ದಿನವೂ ನಾಮದೇವನಿಗೆ ಅನ್ನ ಸೇರಲಿಲ್ಲ. ಸೊಸೆ ಎಂದರೆ ಹೊಲಿಗೆಯ ಹುಡುಗಿಯರೆಲ್ಲ ಬಸ್ಸಿಗೆ ಹೋಗುತ್ತಾರೆ. ಅತ್ತೆ ಎಂದರೆ ಸುಗಲಾಬಾಯಿಯ ದಂಡು ಹೋಗುತ್ತದೆ. ಆಫೀಸರ್ ಎಂದರೆ ಇಬ್ಬರೂ ಸೇರಿ ಹೊಡೆಯುತ್ತಾರೆ, ಎರಡು ತಿಂಗಳು ನಮ್ಮನ್ನು ಜಗಳಕ್ಕೆ ಹಚ್ಚಿದ್ದು ಯಾಕೆ ಎಂದು. ತಾನೇ ಜಾರಿಬಿದ್ದು ಸತ್ತ ಎಂದುಬಿಟ್ಟರೆ ಹೇಗೆ? ಛೇ, ಅದಕ್ಕಿಂತ ವಾಚ್‌ಮನ್ ಕೆಲಸವೇ ಮರ್ಯಾದೆಯದು. ಹೊಲದ ಬದುವಿನ ಮೇಲೆ ಕೂತು ನಿರ್ಗುಣರಾವನನ್ನೇ ಕೇಳಿದ. ನಿರ್ಗುಣರಾವ್ ತೊಡೆಯ ಮೇಲೆ ತಾಳ ಹಾಕುತ್ತಾ ಕೂತ. ಬದುಕಿರುವವರ ಕಷ್ಟ ಆ ಪತ್ತೇದಾರನಿಗೆ ಬೇಕಾಗಿರಲಿಲ್ಲ.

ಸಂತೆಯ ಹಿಂದಿನ ಸಂಜೆ ಸರಿತಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿ ಮುಂದಿಟ್ಟುಕೊಂಡು ಅರ್ಧ ತಾಸಿನಿಂದ ಮುರಿಯುತ್ತಿರುವ ಗಂಡನನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಕಥೆಯನ್ನು ಅವಳು ಒಂದು ದಿನವೂ ಆಟೋದಲ್ಲಿ ಕೂತು ಕೇಳಿದವಳಲ್ಲ, ಆದರೆ ಊರಿಗೆಲ್ಲ ಗೊತ್ತಿರುವುದು ಅವಳಿಗೆ ಗೊತ್ತಿರುವುದಿಲ್ಲವೇ?

"ಸೊಸಿ ಕೊಂದಿಲ್ಲ, ಹೆಂಡ್ತಿ ಕೊಂದಿಲ್ಲ. ಆ ವಿರೂಪಣ್ಣ ತನ್ನ ಪಾಡಿಗಿ ತಾ ತಣ್ಣಗ ಇದ್ದ," ಎಂದಳು ರೊಟ್ಟಿ ಮಗುಚುತ್ತಾ. "ನಿನ್ನ ಸೀಟ ತುಂಬಲಿ ಅಂತ ನೀನೇ ಅವನ ಜೀವಾ ತಗೊಂಡಿ."

ಬೈದು ಅವಳು ಹಿಟ್ಟಿಗೆ ಕೈ ಹಾಕಿದಳು. ನಾಮದೇವ ರೊಟ್ಟಿ ಹಿಡಿದು ಹಾಗೇ ಕೂತ. ಆಮೇಲೆ ನಾಲ್ಕು ರೊಟ್ಟಿ ತಿಂದ.

ಸಂತೆಯ ದಿನ ಆಟೋದಲ್ಲಿ ಹದಿನಾಲ್ಕು ಜನ. ಕಾಶಿನಾಥ ಅಂಗಡಿ ತೆರೆಯುವುದನ್ನು ಬಿಟ್ಟು ಬಂದು ಡ್ರೈವರನ ಮಗ್ಗುಲಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಕೂತಿದ್ದ. ನಡುವಿನಲ್ಲಿ ಸುಗಲಾಬಾಯಿ ಬೆಣ್ಣೆಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಹಲಗೆಯಲ್ಲಿ ಪ್ರೇಮಲಾ. ನಾಮದೇವ ಶುರುಮಾಡಿದ. ನಿರ್ಗುಣರಾವ್ ಎಲ್ಲರನ್ನೂ ಆ ಫರಸಿಯ ಕೋಣೆಗೆ ಕರೆದ. ಸೊಸೆ ಬಂದಳು, ಹೆಂಡತಿ ಬಂದಳು, ಪಾಲುದಾರ, ಆಫೀಸರ್, ಎಲ್ಲರೂ ಬಂದರು. ನಿರ್ಗುಣರಾವ್ ಸೊಸೆಯ ಮುಖ ನೋಡಿದ, ಆಟೋದಲ್ಲಿ ಹೊಲಿಗೆಯವರು ಉಸಿರು ಬಿಗಿಹಿಡಿದರು. ಹೆಂಡತಿಯ ಮುಖ ನೋಡಿದ, ಮುದುಕಿಯರು ಸೆರಗು ಬಿಗಿಮಾಡಿಕೊಂಡರು. ಇವರಲ್ಲಿ ಯಾರೂ ಅಲ್ಲ ಎಂದ. ಈ ಕೋಣೆಯಲ್ಲಿ ಇನ್ನೊಬ್ಬ ಇದ್ದಾನೆ, ಎರಡು ತಿಂಗಳಿಂದ ನಮ್ಮೆಲ್ಲರ ಬಾಯಿಂದ ಮಾತಾಡುತ್ತಿದ್ದಾನೆ, ಮಜ್ಜಿಗೆಗೆ ಬೆಳಿಗ್ಗೆ ವಿಷ ಹಾಕಿ ಸಂಜೆ ತೆಗೆದವನೂ ಅವನೇ ಎಂದ. ನಾಮದೇವ ಆಟೋವನ್ನು ದಾರಿಯ ಬದಿಗೆ ನಿಲ್ಲಿಸಿ, ಹಿಂದೆ ತಿರುಗಿದ.

"ನಾನೇ ಕೊಂದೀನ್ರಿ. ಆಟೋ ಖಾಲಿ ಇತ್ತು."

ಮೊದಲು ಕಾಶಿನಾಥ ಇದು ಶುದ್ಧ ಮೋಸ, ಹೇಳುವವನೇ ಕೊಲೆಗಾರನಾದರೆ ನ್ಯಾಯ ಕೇಳುವುದು ಯಾರನ್ನು ಎಂದ. ಪ್ರೇಮಲಾ ಒಂದು ಕ್ಷಣ ಯೋಚಿಸಿ, ಹಾಗಾದರೆ ದಿನಾ ಮುಂದೇನಾಯಿತು ಎಂದು ಕೇಳಿ ಅವನ ಕೈಗೆ ವಿಷ ಕೊಟ್ಟವರು ನಾವಲ್ಲವೇ, ನಮ್ಮದೂ ಪಾಲಿದೆ ಎಂದಳು. ಯಾರೋ ಕಿಸಕ್ಕೆಂದರು. ಆಮೇಲೆ ಹದಿನಾಲ್ಕು ಜನರೂ ನಕ್ಕ ನಗುವಿಗೆ ಆಟೋ ಅಲುಗಾಡಿತು. ಅತ್ತೆಯೂ ಗೆದ್ದಿರಲಿಲ್ಲ, ಸೊಸೆಯೂ ಸೋತಿರಲಿಲ್ಲ. ಖೇಡದಲ್ಲಿ ಇಳಿಯುವಾಗ ಒಬ್ಬೊಬ್ಬರೂ ಚಲೋ ಮುಗಿಸಿದೆ ಎಂದು ಹೇಳಿ ಹೋದರು. ಸುಗಲಾಬಾಯಿ ಮಾತ್ರ ಬೆಣ್ಣೆಯ ಪಾತ್ರೆ ಎತ್ತಿಕೊಂಡು ಸೀದಾ ಹೋಟೆಲಿನ ಕಡೆಗೆ ನಡೆದಳು. ನಾಮದೇವ ಆ ಸಂಜೆ ಸಂತೆಯಿಂದ ಹೆಂಡತಿಗೆ ಹಸಿರು ಬಳೆ ಒಯ್ದ.

ಮರುದಿನ ಬೆಳಿಗ್ಗೆ ಆಟೋಗೆ ಒಬ್ಬರೂ ಬರಲಿಲ್ಲ. ಅವನು ಅರ್ಧ ತಾಸು ಕಾದ ಮೇಲೆ ವಿಷಯ ತಲೆಗೆ ಹೋಯಿತು. ಕಥೆ ಮುಗಿದಿತ್ತು. ಎಲ್ಲರಿಗೂ ಮೆಚ್ಚಿಗೆಯಾಗಿ, ಸಂಶಯಕ್ಕೆ ಜಾಗವೇ ಇಲ್ಲದ ಹಾಗೆ ಮುಗಿದಿತ್ತು, ಇನ್ನು ಕಾಸು ಕೊಟ್ಟು ಆಟೋ ಹತ್ತುವುದು ಯಾಕೆ? ಬಸ್ಸು ಪಕ್ಕದಲ್ಲಿ ಹಾದುಹೋಯಿತು. ಕಿಟಕಿಗಳಿಂದ ಹೆಂಗಸರು ಅವನಿಗೆ ಪ್ರೀತಿಯಿಂದ ಕೈ ಬೀಸಿದರು. ಪ್ರೇಮಲಾ ತನ್ನ ಪಕ್ಕದವಳಿಗೆ, ಇವನೇ ಕೊಲೆಗಾರ ಎಂದು ತೋರಿಸಿದಳು. ಎಂಥ ಪೆದ್ದ ನಾನು, ಇಪ್ಪತ್ತು ಜನರ ಮೇಲೆ ಸಂಶಯ ಉಳಿಸಿಕೊಳ್ಳಬಹುದಿತ್ತು ಎಂದು ನಾಮದೇವ ತನ್ನ ತಲೆಗೆ ತಾನೇ ಹೊಡೆದುಕೊಂಡ. ಇನ್ನೊಂದು ಕೊಲೆ ಮಾಡೋಣವೆಂದರೆ ಮನಸ್ಸೇ ಬರಲಿಲ್ಲ. ಒಪ್ಪಿಕೊಂಡ ಮೇಲೆ ಮತ್ತೆ ಹೇಗೆ ಕೊಲ್ಲುವುದು?

ಮೂರನೆಯ ದಿನ ಅವನು ಒಂದು ರಟ್ಟಿನ ಮೇಲೆ ಮಾರಾಟಕ್ಕಿದೆ ಎಂದು ಬರೆದು ಆಟೋದ ಹಿಂದೆ ಕಟ್ಟಿದ. ಕಟ್ಟಿ ತಿರುಗಿ ನೋಡಿದರೆ ಸುಗಲಾಬಾಯಿ ಬೆಣ್ಣೆಯ ಪಾತ್ರೆ ಹಿಡಿದು ನಡುವಿನ ಸೀಟಿನಲ್ಲಿ ಕೂತಿದ್ದಳು. ಬಸ್ಸು ಎದುರಿಗೇ ನಿಂತು ಕಂಡಕ್ಟರಮ್ಮ ಕೂಗಿದರೂ ಮುದುಕಿ ಹೋಗು ಎಂದು ಕೈ ಮಾಡಿದಳು. ಒಬ್ಬರಿಗಾಗಿ ಹೊರಟರೆ ಡೀಸೆಲ್ಲಿಗೂ ಬಾರದು, ಆದರೂ ನಾಮದೇವ ಹೊರಟ. ಒಂದು ಮೈಲಿ ಹೋದ ಮೇಲೆ ಅವಳು ಪಾತ್ರೆಯನ್ನು ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿದಳು.

"ಕೊಂದವ ಯಾರಂತ ತಿಳೀತು, ಎಲ್ಲಾರೂ ಇಳದು ಹ್ವಾದ್ರು," ಎಂದಳು. "ವಿರೂಪಣ್ಣನ ಹೆಂಡ್ತಿ ಮರುದಿನ ಮುಂಜಾನಿ ಎದ್ದು ಏನ್ ಮಾಡಿದಳು? ಅದನ್ಯಾರೂ ಕೇಳಲಿಲ್ಲಲ್ಲೋ, ನಾಮದೇವಾ."

ನಾಮದೇವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಓದಿದ ಅಷ್ಟು ಪುಸ್ತಕಗಳಲ್ಲಿ ಯಾವ ಪತ್ತೇದಾರನೂ ಅದನ್ನು ಕೇಳಿರಲಿಲ್ಲ. ಸುಗಲಾಬಾಯಿಯ ಗಂಡ ಜ್ವರದಲ್ಲಿ ತೀರಿಹೋಗಿ ಹನ್ನೆರಡು ವರ್ಷ. ಮಣ್ಣಿಗೆ ನಾಮದೇವನೂ ಹೋಗಿದ್ದ, ಊರೆಲ್ಲ ಹೋಗಿತ್ತು. ಮರುದಿನದ ಬೆಳಗನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ನನಗ ಗೊತ್ತಿಲ್ರಿ ಆಯಿ. ನೀವೇ ಹೇಳ್ರಿ."

ಅವಳು ಹೇಳಿದಳು. ವಿರೂಪಣ್ಣನ ಹೆಂಡತಿ ಬೆಳಿಗ್ಗೆ ಎದ್ದು ಎಮ್ಮೆ ಹಿಂಡಲು ಕೂತಳು, ಎಮ್ಮೆ ಒದೆಯಿತು. ಅದಕ್ಕೆ ಗಂಡನ ಕೈ ರೂಢಿ, ಇವಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಎರಡು ದಿನ ಹಾಲು ಕೆಚ್ಚಲಲ್ಲೇ ಉಳಿದು ಅದು ಒದರಿತು. ಮೂರನೆಯ ದಿನ ಅವಳು ಗೂಟದ ಮೇಲಿದ್ದ ಗಂಡನ ಅಂಗಿ ತೊಟ್ಟು, ಅವನ ಟವೆಲು ತಲೆಗೆ ಸುತ್ತಿ, ಅವನ ಹಾಗೆ ಒಂದು ಸಲ ಕೆಮ್ಮಿ ಕೂತಳು. ಎಮ್ಮೆ ಮೂಸಿ ನೋಡಿ ಸುಮ್ಮನೆ ನಿಂತಿತು. ನೋಡಿದವರು ನಕ್ಕರು, ಅವಳಿಗೂ ನಗು ಬಂತು, ನಗುತ್ತಲೇ ಹಿಂಡಿದಳು, ಆಗಲೇ ಅವಳಿಗೆ ಮೊದಲ ಸಲ ಅಳು ಬಂದದ್ದು. ತಾಂಡೂರಿನ ಫರಸಿ ಫ್ಯಾಕ್ಟರಿ ಮಾಲೀಕನ ಮನೆಗೆ ಎಮ್ಮೆ ಎಲ್ಲಿಂದ ಬಂತು ಎಂದು ನಾಮದೇವ ಕೇಳಲಿಲ್ಲ.

ನಡುದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಮೂವರು ಹೆಂಗಸರು, ಸುಗಲಾಬಾಯಿ ಕೈ ಆಡಿಸಿ ಮಾತಾಡುವುದನ್ನು ಕಂಡು, ಏನದು ಎಂದು ಹತ್ತಿದರು. ಖೇಡ ಬಂತು. ಬಂದ ಮೇಲೂ ಅವರು ಇಳಿಯಲಿಲ್ಲ, ಎಮ್ಮೆ ಮುಂದೆ ಏನು ಮಾಡಿತು ಎಂದು ಕೇಳುತ್ತಾ ಕೂತರು. ಸುಗಲಾಬಾಯಿ ಪಾತ್ರೆ ಎತ್ತಿಕೊಂಡು ಇಳಿದು ಸೆರಗು ಸರಿಮಾಡಿಕೊಂಡಳು.

"ಇವತ್ತ ಕತಿ ಹೇಳಿದಾಕಿ ನಾ," ಎಂದಳು ನಾಮದೇವನಿಗೆ. "ಕಿರಾಯಿ ಕೇಳಬ್ಯಾಡ ಮತ್ತ."

ನಾಮದೇವ ಕೇಳಲಿಲ್ಲ. ಮೂವರ ಕಿರಾಯಿಯ ದುಡ್ಡು ತೆಗೆದುಕೊಂಡು, ಆಟೋದ ಹಿಂದಕ್ಕೆ ಹೋಗಿ ರಟ್ಟು ಬಿಚ್ಚಿದ.